ತಂಗಡಗಿಯ ನೀಲಮ್ಮ

ನಮ್ಮ ಮನೆಯವರನ್ನು ಮಣ್ಣು ಮಾಡಿದ ದಿನ ನಾನು ನೋಡುತ್ತಿದ್ದದ್ದು ಅವರ ಎಡಗೈಯನ್ನು. ಪದ್ಮಾಸನದಲ್ಲಿ ಕೂರಿಸಿ ಗೂಡಿನೊಳಗೆ ಇಳಿಸಿದ ಮೇಲೆ ಅಯ್ಯನವರು ಲಿಂಗದ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಆ ಅಂಗೈಯಲ್ಲಿಟ್ಟರು. ಬೆರಳುಗಳು ಸೆಟೆದಿದ್ದವು. ಲಿಂಗ ಜಾರದಂತೆ ಬಿಲ್ವಪತ್ರಿ ಒತ್ತಿ, ಸುತ್ತ ವಿಭೂತಿ ಗಟ್ಟಿ ಜೋಡಿಸಿದರು. ಆಮೇಲೆ ಮಣ್ಣು. ಬೆಳ್ಳಿಯ ಖಾಲಿ ಕರಡಿಗೆ ಮಾತ್ರ ಮಗನ ಕೈಗೆ ಬಂತು.

ಮಾತಾಡಿಸಲು ಬಂದವರೆಲ್ಲ ಹೇಳಿದ್ದು ಒಂದೇ: ಮರಣವೇ ಮಹಾನವಮಿ, ಶರಣರ ಮನೆಯಲ್ಲಿ ಅಳಬಾರದು. ಲಿಂಗವಂತರಿಗೆ ಪಂಚಸೂತಕವಿಲ್ಲ, ಸಾವಿನ ಸೂತಕವಂತೂ ಇಲ್ಲವೇ ಇಲ್ಲ ಎಂದು ಹಿರಿಯರೊಬ್ಬರು ಪಡಸಾಲೆಯಲ್ಲಿ ಕೂತು ಚೆನ್ನಾಗಿಯೇ ವಿವರಿಸಿದರು. ಅದೇ ಹೊತ್ತಿಗೆ ಅಡಿಗೆಮನೆಯಲ್ಲಿ ಸೋದರತ್ತೆ ನನ್ನ ಕೈ ಹಿಡಿದು ಹಸಿರು ಬಳೆ ತೆಗೆಯಲು ನೋಡುತ್ತಿದ್ದರು. ತಡೆದದ್ದು ನನ್ನ ಅತ್ತೆ. "ಬಿಡವಾ ಆಕೀನ್ನ. ಹ್ವಾದಾಂವ ನನ್ನ ಮಗ. ಬಳಿ ಏನ ಮಾಡ್ಯಾವು ನಿನಗ?" ಸೋದರತ್ತೆ ಮತ್ತೆ ಆ ಸುದ್ದಿ ಎತ್ತಲಿಲ್ಲ.

ದೇವರಿಲ್ಲ ಎಂದು ನನಗೆ ಅನ್ನಿಸಲಿಲ್ಲ. ಅನ್ನಿಸಿದ್ದರೆ ಹಗುರವಾಗುತ್ತಿತ್ತೇನೋ. ಇದ್ದಾನೆ, ಇದ್ದೂ ಹೀಗೆ ಮಾಡಿದ ಎಂಬ ಸಿಟ್ಟು. ಮದುವೆಯಾದಾಗಿನಿಂದ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಲಿಂಗಪೂಜೆ ಮಾಡಿದವರು ನಾವು. ಅವರದು ಬೇಗ ಮುಗಿಯುತ್ತಿತ್ತು. "ಶಿವಗೂ ಚಾ ಬೇಕಾಗಿರತೈತಿ, ಲಗೂನ ಏಳು," ಎಂದು ಕೆಣಕುತ್ತಿದ್ದರು. ಅವರು ಹೋದ ಮೇಲೆ ನನ್ನ ಲಿಂಗವನ್ನು ಅಂಗೈಗೆ ತೆಗೆದುಕೊಂಡರೆ ಕಾಣುತ್ತಿದ್ದದ್ದು ಆ ಸೆಟೆದ ಬೆರಳುಗಳು. ಹಾಗಾಗಿ ಬಿಟ್ಟೆ. ಕೊರಳಲ್ಲಿ ಕಟ್ಟಿಕೊಂಡಿದ್ದೆ, ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು, ಕೇಳಲಿಲ್ಲ.

ಕೂಡಲಸಂಗಮಕ್ಕೆ ಹೋಗೋಣ ಅಂದವರೂ ಅವರೇ. ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಬಸವಣ್ಣನವರು ಲಿಂಗದಲ್ಲಿ ಬೆರೆತ ಐಕ್ಯಮಂಟಪ. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗದಿರಲಿ ಎಂದು ಸುತ್ತ ಎತ್ತರದ ಗೋಡೆ ಕಟ್ಟಿದ್ದಾರೆ. ಒಳಗೆ ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ಹೋಗಬೇಕು. ಜನ ಕಣ್ಣುಮುಚ್ಚಿ ನಿಂತಿದ್ದರು. ನನಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

ಅಲ್ಲಿಂದ ತಂಗಡಗಿಗೆ ಹೋದೆವು. ಊರು ಕೃಷ್ಣೆಯ ಆಚೆ ದಂಡೆಗೆ, ಮುದ್ದೇಬಿಹಾಳ ತಾಲ್ಲೂಕಿನಲ್ಲಿದೆ. ಸಂಗಮಕ್ಕೆ ಬಂದ ಎಷ್ಟೋ ಮಂದಿ ಇಲ್ಲಿಗೆ ಬರದೆ ತಿರುಗಿ ಹೋಗುತ್ತಾರೆ. ಬಸವಣ್ಣನವರ ಹೆಂಡತಿ ನೀಲಮ್ಮ ಐಕ್ಯವಾದದ್ದು ಇಲ್ಲೇ. ಕಲ್ಯಾಣದಲ್ಲಿದ್ದ ಆಕೆಯನ್ನು ಕರೆತರಲು ಸಂಗಮದಲ್ಲಿದ್ದ ಬಸವಣ್ಣ ತಮ್ಮ ಆಪ್ತ ಹಡಪದ ಅಪ್ಪಣ್ಣನನ್ನು ಕಳಿಸಿದರು. ತಂಗಡಗಿ ಮುಟ್ಟುವಷ್ಟರಲ್ಲಿ ಗಂಡ ಐಕ್ಯನಾದ ಸುದ್ದಿ ಬಂತು. ಸಂಗಯ್ಯ ಎಂದರೆ ಆಕೆಯ ಶಿವ. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಆಕೆ ಹೊಳೆ ದಾಟದೆ ಇಲ್ಲೇ ಲಿಂಗದಲ್ಲಿ ಬೆರೆತಳು. ನಾವು ಕೇಳುತ್ತ ಬೆಳೆದ ಕತೆ ಇಷ್ಟು.

ಪ್ರವಚನಗಳಲ್ಲಿ ಇದನ್ನು ದೊಡ್ಡ ವೈರಾಗ್ಯದ ಮಾತಾಗಿ ಹೇಳುತ್ತಾರೆ. ಗುಡಿಯ ಕಟ್ಟೆಯ ಮೇಲೆ ಕೂತಾಗ ನನಗೆ ಬೇರೆಯೇ ಹೊಳೆಯಿತು. ಗಂಡನಿಲ್ಲದ ದಂಡೆಗೆ ಹೋಗಿ ನಿಲ್ಲುವ ಧೈರ್ಯ ಯಾವ ಹೆಂಡತಿಗಿದೆ? ನೀಲಮ್ಮನ ವಚನಗಳಲ್ಲಿ ಎಲ್ಲಿ ನೋಡಿದರೂ ಬಸವನದೇ ಮಾತು, ಬಸವನಿಲ್ಲದ ಮಾತು. ದುಃಖ ಮೀರಿದವಳು ಅಷ್ಟು ಸಲ ಹೆಸರು ಹಿಡಿಯುತ್ತಾಳೆಯೇ? ದುಃಖವಿತ್ತು, ಸಂಗಯ್ಯನೂ ಇದ್ದ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿ ಎಂದು ಆಕೆಗೆ ಯಾರೂ ಹೇಳಿರಲಿಕ್ಕಿಲ್ಲ, ಹೇಳಿದ್ದರೂ ಆಕೆ ಕೇಳಿರಲಿಕ್ಕಿಲ್ಲ.

ಪಂಡಿತರು ಇದನ್ನು ಒಪ್ಪುತ್ತಾರೋ ಇಲ್ಲವೋ. ನಾನು ಕೇಳಿದ್ದು ಅತ್ತೆಯನ್ನು. "ನೀಲಮ್ಮ ಅತ್ತಿದ್ದಳೇನ್ರೀ ಅತ್ತಿ?"

"ಅಳದ ಇರತಾಳೇನ ಹುಚ್ಚಿ," ಅಂದರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಕತಿ ಬರದವರು ಗಂಡಸರು. ಬಿಟ್ಟಾರ."

ಮರುದಿನ ಪೂಜೆಗೆ ಕೂತೆ. ಅವರು ಕೂರುತ್ತಿದ್ದ ಜಾಗದಲ್ಲಿ ಅತ್ತೆ ತಮ್ಮ ಮಣೆ ಹಾಕಿಕೊಂಡರು. ಅವರದು ಬಹಳ ನಿಧಾನ. ಚಹಾಕ್ಕೆ ಈಗ ನಾನೇ ಕಾಯಬೇಕು.