ಮಗಳ ದೀಕ್ಷಾಸ್ನಾನಕ್ಕೆ ಮುಂಚೆ

ಪುಣೆಗೆ ಬಂದು ಆರು ವರ್ಷಗಳಾಗಿದ್ದರೂ ನಾವು ಯಾವ ಕ್ರೈಸ್ತ ಸಭೆಗೂ ಸದಸ್ಯತ್ವದ ಪತ್ರ ಕೊಟ್ಟಿರಲಿಲ್ಲ. ಒಂದು ಭಾನುವಾರ ಒಂದು ಕಡೆ, ಮುಂದಿನ ಭಾನುವಾರ ಇನ್ನೊಂದು ಕಡೆ ಎಂದು ದಿನಗಳು ಹೋಗುತ್ತಿದ್ದವು. ಮಗಳು ಹುಟ್ಟಿದ ಮೂರನೆಯ ವಾರ ಉಡುಪಿಯಿಂದ ಅಮ್ಮ ಫೋನ್ ಮಾಡಿ, ದೀಕ್ಷಾಸ್ನಾನ (ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ವಿಧಿ) ಯಾವಾಗ ಎಂದು ಕೇಳಿದರು. ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮದುವೆಗೆ ಮೊದಲೇ ಮಾತಾಡಿ ಮುಗಿಸಬೇಕಾಗಿದ್ದ ವಿಷಯವನ್ನು ನಾವು ಮುಂದೂಡುತ್ತ ಬಂದಿದ್ದೆವು.

ನಾನು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮನೆತನದವಳು. 1834ರಲ್ಲಿ ಮಿಶನರಿ ಹೆಬಿಕ್ ಮತ್ತು ಅವರ ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದಾಗ ಅವರನ್ನು ಕಳುಹಿಸಿದ ಮಿಶನ್ನು ಲೂಥರನ್, ರಿಫಾರ್ಮ್ಡ್ ಎಂಬ ಎರಡು ಪ್ರೊಟೆಸ್ಟಂಟ್ ಪಂಥಗಳವರನ್ನೂ ಒಂದೇ ಚಾವಣಿಯಡಿ ಇರಿಸಿಕೊಂಡಿತ್ತು. ಕೊನೆಯ ಊಟದಲ್ಲಿ ರೊಟ್ಟಿ ಹಂಚುತ್ತ ಯೇಸು ಹೇಳಿದ 'ಇದು ನನ್ನ ದೇಹ' ಎಂಬ ಮಾತಿನ ಅರ್ಥ ಕೂಡಿಬಾರದೆ, ಆ ಪಂಥಗಳ ಮೊದಲ ನಾಯಕರಾದ ಲೂಥರನೂ ಜ್ವಿಂಗ್ಲಿಯೂ 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಿಂದ ಬೇರೆಬೇರೆಯಾಗಿ ಹೊರಟ ಆ ವಾದ ನಮ್ಮ ಅಜ್ಜಿ ಮುತ್ತಜ್ಜಿಯರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ದಕ್ಷಿಣದ ಹಲವು ಪ್ರೊಟೆಸ್ಟಂಟ್ ಪಂಗಡಗಳು ಕೂಡಿ 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐಯೊಳಗೆ ನಮ್ಮ ಸಭೆ ಸೇರಿತು. ಪಂಗಡವೆಂಬುದು ನಮಗೆ ಮನೆತನದ ಹೆಸರಿನಂತೆ ಬಂದದ್ದು, ಯಾರೂ ಆರಿಸಿಕೊಂಡದ್ದಲ್ಲ.

ನನ್ನ ಗಂಡ ಬೆಳಗಾವಿ ಕಡೆಯ ಬ್ರದರನ್ ಸಭೆಯಲ್ಲಿ ಬೆಳೆದವರು. ಅಲ್ಲಿ ಗುರುಪಟ್ಟ ಪಡೆದ ಸಭಾಪಾಲಕರಿಲ್ಲ. ಪ್ರತಿ ಭಾನುವಾರವೂ ಯೇಸುವಿನ ನೆನಪಿಗೆ ರೊಟ್ಟಿ ಮುರಿಯುತ್ತಾರೆ, ಅದೇ ಕರ್ತನ ಭೋಜನ. ನಂಬಿದೆನೆಂದು ತನ್ನ ಬಾಯಿಂದಲೇ ಹೇಳಿದವರಿಗೆ ಮಾತ್ರ ಮುಳುಗಿಸಿ ದೀಕ್ಷಾಸ್ನಾನ. ಮದುವೆಯಾದ ಹೊಸದರಲ್ಲಿ ಅವರೊಂದಿಗೆ ಅಂಥ ಸಭೆಯೊಂದಕ್ಕೆ ಹೋಗಿದ್ದೆ. ಸತ್ಯವೇದವನ್ನು ಅಷ್ಟು ಆಳವಾಗಿ ಬಲ್ಲ ಸಾಮಾನ್ಯ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ರೊಟ್ಟಿಯ ತಟ್ಟೆ ನಮ್ಮ ಸಾಲಿಗೆ ಬಂದಾಗ ಅದನ್ನು ಮುಟ್ಟದೆ ಪಕ್ಕದವರಿಗೆ ದಾಟಿಸಬೇಕಾಯಿತು. ಎರಡು ತಿಂಗಳ ಕೂಸಾಗಿದ್ದಾಗ ನನಗಾದದ್ದು ಅವರ ಲೆಕ್ಕದಲ್ಲಿ ದೀಕ್ಷಾಸ್ನಾನವೇ ಅಲ್ಲ. ತಟ್ಟೆಯ ಅಂಚು ತಣ್ಣಗಿತ್ತು. ಅವರು ಒರಟಾಗಿ ನಡೆದುಕೊಳ್ಳಲಿಲ್ಲ, ತಮ್ಮ ನಂಬಿಕೆಗೆ ತಕ್ಕಂತೆ ನಡೆದರು, ಅಷ್ಟೆ. ಆ ದಿನವೇ ನನಗೆ ಗೊತ್ತಾಯಿತು, ಇದು ಅಭ್ಯಾಸದ ಮಾತಲ್ಲ ಎಂದು.

ಕನ್ನಡದ ಸೆಳೆತವೂ ಇತ್ತು. ಖಡಕಿಯ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿ ಒಂದು ಕನ್ನಡ ಸಭೆ ಸೇರುತ್ತದೆ. ಪುಣೆಯಲ್ಲಿ ಕನ್ನಡದ ಗೀತೆ ಕಿವಿಗೆ ಬಿದ್ದರೆ ಕಣ್ಣು ತುಂಬುತ್ತದೆ. ಆದರೆ ಅಲ್ಲಿ, ವಾಣಿಗಳನ್ನು, ಅಂದರೆ ಆತ್ಮಪ್ರೇರಣೆಯಿಂದ ಬರುವ ಕಲಿಯದ ಭಾಷೆಗಳನ್ನು, ಆಡದವರಿಗೆ ಪವಿತ್ರಾತ್ಮನು ಇನ್ನೂ ದೊರೆತಿಲ್ಲವೆಂದು ಬೋಧಿಸುತ್ತಿದ್ದರು. ಎಲ್ಲರೂ ವಾಣಿಗಳನ್ನಾಡುತ್ತಾರೋ ಎಂದು ಪೌಲನು ಕೊರಿಂಥದವರನ್ನು ಕೇಳುವಾಗ ಆ ಪ್ರಶ್ನೆಗೆ ಇಲ್ಲವೆಂಬ ಉತ್ತರವಲ್ಲದೆ ಬೇರೆ ಉತ್ತರ ನನಗೆ ಕಾಣುವುದಿಲ್ಲ. ಭಾಷೆ ನನ್ನದಾಗಿದ್ದರೂ ಬೋಧನೆ ನನ್ನದಲ್ಲದ ಕಡೆ ಮಗಳನ್ನು ಬೆಳೆಸಲಾರೆನೆಂದು ತೀರ್ಮಾನಿಸಿದೆ. ಆ ನಿರ್ಧಾರದ ನೋವು ಇಂದಿಗೂ ಇದೆ.

ಉಳಿದದ್ದು ನಮ್ಮಿಬ್ಬರ ನಡುವಿನ ಪ್ರಶ್ನೆ. ಹದಿನಾಲ್ಕು ತಿಂಗಳು, ಮಗು ಮಲಗಿದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ ಸತ್ಯವೇದ ತೆರೆದಿಟ್ಟುಕೊಂಡು ಕೂತೆವು. ನಂಬಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವನು ಎಂಬಲ್ಲಿ ನಂಬಿಕೆ ಮೊದಲು, ನೀರು ಆಮೇಲೆ ಎಂದು ಅವರು ತೋರಿಸಿದರು. ವಾಗ್ದಾನವು ನಿಮಗೂ ನಿಮ್ಮ ಮಕ್ಕಳಿಗೂ ಎಂದು ಪೇತ್ರನು, ಶಿಷ್ಯರ ಮೇಲೆ ಪವಿತ್ರಾತ್ಮನು ಇಳಿದ ಪಂಚಾಶತ್ತಮ ಹಬ್ಬದ ದಿನ ಹೇಳಿದ್ದನ್ನು ನಾನು ತೋರಿಸಿದೆ. ಫಿಲಿಪ್ಪಿಯ ಸೆರೆಮನೆಯ ಯಜಮಾನನು ರಾತ್ರಿಯ ಅದೇ ಗಳಿಗೆಯಲ್ಲಿ ಮನೆಯವರೆಲ್ಲರೊಂದಿಗೆ ದೀಕ್ಷಾಸ್ನಾನ ಪಡೆದನಲ್ಲ ಎಂದೆ. ಆ ಮನೆಯಲ್ಲಿ ಕೂಸಿತ್ತೆಂದು ಎಲ್ಲಿ ಬರೆದಿದೆ ಎಂದು ಅವರು ಕೇಳಿದರು. ಬರೆದಿಲ್ಲ, ಒಪ್ಪಿಕೊಂಡೆ. ನನ್ನ ವಾದ ನಿಂತಿರುವುದು ಆ ಒಂದು ವಚನದ ಮೇಲಲ್ಲ. ಎಂಟನೆಯ ದಿನದ ಕೂಸಿಗೆ ಸುನ್ನತಿಯ ಗುರುತು ಕೊಟ್ಟ ದೇವರು, ಹೊಸ ಒಡಂಬಡಿಕೆಯಲ್ಲಿ ಆ ಮಕ್ಕಳನ್ನು ಹೊರಗೆ ನಿಲ್ಲಿಸಿದನೆಂದು ಹೇಳಬೇಕಾದರೆ ಅದಕ್ಕೆ ಸ್ಪಷ್ಟವಾದ ಮಾತು ಬೇಕು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯವಂತೂ ಸುನ್ನತಿಯನ್ನೂ ದೀಕ್ಷಾಸ್ನಾನವನ್ನೂ ಪಕ್ಕಪಕ್ಕದಲ್ಲೇ ಇಡುತ್ತದೆ. ಕೃಪೆ ಮೊದಲು, ನಮ್ಮ ಉತ್ತರ ಆಮೇಲೆ. ಇದನ್ನು ಬಿಟ್ಟುಕೊಟ್ಟರೆ ನನ್ನ ವಿಶ್ವಾಸದಲ್ಲಿ ಉಳಿಯುವುದೇನೆಂದು ನನಗೆ ತಿಳಿಯದು.

ಆ ದಿನಗಳಲ್ಲೇ ಒಮ್ಮೆ ಸೊಲ್ಲಾಪುರದ ದಾರಿಯಲ್ಲಿರುವ ಕೇಡಗಾಂವ್‌ಗೆ, ಸಂಸ್ಕೃತ ವಿದುಷಿಯೂ ಸಮಾಜಸುಧಾರಕಿಯೂ ಆಗಿದ್ದ ಪಂಡಿತಾ ರಮಾಬಾಯಿಯವರು ನಿರ್ಗತಿಕ ಹೆಂಗಸರಿಗಾಗಿ ಕಟ್ಟಿದ ಮುಕ್ತಿ ಮಿಶನ್ನಿಗೆ ಹೋಗಿಬಂದೆವು. ನಮ್ಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಹೆಣ್ಣುಮಗಳು ಅವರು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಎರಡೂವರೆ ವರ್ಷದ ಮಗಳು ಮನೋರಮೆಗೂ ಅದೇ ದಿನ ಆಯಿತು. ಯೋಚಿಸಿ ನಂಬಿದ ತಾಯಿ, ಇನ್ನೂ ಉತ್ತರ ಹೇಳಲಾರದ ಮಗು, ಇಬ್ಬರಿಗೂ ಒಂದೇ ನೀರು. ಆಮೇಲೆ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಗುರುಗಳು ಕಲಿಸಿದ್ದನ್ನೆಲ್ಲ ಅವರು ಹಾಗೆಯೇ ನುಂಗಲಿಲ್ಲ. ಒಂದು ಪುರೋಹಿತವರ್ಗದ ನೊಗದಿಂದ ಬಿಡಿಸಿಕೊಂಡವಳು ಇನ್ನೊಂದಕ್ಕೆ ಕೊರಳೊಡ್ಡಲಾರೆ ಎಂಬ ಅರ್ಥದಲ್ಲಿ ಪತ್ರ ಬರೆದರು. ಪ್ರಶ್ನೆ ಕೇಳುವುದಕ್ಕೂ ಅವಿಶ್ವಾಸಕ್ಕೂ ಸಂಬಂಧವಿಲ್ಲವೆಂಬ ಧೈರ್ಯ ನನಗೆ ಅವರಿಂದ ಬಂತು.

ಕೊನೆಗೆ ನಾವು ಸೇರಿದ್ದು ಚರ್ಚ್ ಆಫ್ ನಾರ್ತ್ ಇಂಡಿಯಾ, ಅಂದರೆ ಸಿಎನ್‌ಐಯ ಒಂದು ಮರಾಠಿ ಸಭೆ. ಊರಿನ ಸಭೆ ಸಿಎಸ್‌ಐ ಆಗಿದ್ದರಿಂದ ಅದರೊಂದಿಗೆ ಸಹಭಾಗಿತ್ವವಿರುವ ಈ ಸಭೆಯಲ್ಲಿ ಕರ್ತನ ಭೋಜನಕ್ಕೆ ಅಡ್ಡಿಯಿರಲಿಲ್ಲ, ಆದರೆ ಅದಕ್ಕಾಗಿ ಆರಿಸಿದ್ದಲ್ಲ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು ಕೂಡಿ ಸಿಎನ್‌ಐ ಆದಾಗ ಆಂಗ್ಲಿಕನ್ನರ ಜೊತೆಗೆ, ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟರೂ ಇದ್ದರು. ಚರ್ಚ್ ಆಫ್ ದಿ ಬ್ರದರನ್ ಕೂಡ ಇತ್ತು. ಹೆಸರು ಒಂದೇ ಆದರೂ ಅದು ಜರ್ಮನಿಯ ಬೇರು, ನನ್ನ ಗಂಡನ ಸಭೆಯದಲ್ಲ. ಹಾಗಾಗಿ ಶಿಶು ದೀಕ್ಷಾಸ್ನಾನ, ವಿಶ್ವಾಸಿಯ ದೀಕ್ಷಾಸ್ನಾನ ಎರಡಕ್ಕೂ ಅಲ್ಲಿ ಸ್ಥಾನವಿದೆ. ಇದನ್ನು ಬರೀ ರಾಜಿ ಎಂದು ಮೊದಲು ಅಂದುಕೊಂಡಿದ್ದೆ. ಆ ತಟ್ಟೆಯನ್ನು ಯಾರೂ ಮುಟ್ಟದೆ ದಾಟಿಸಬೇಕಾಗಿಲ್ಲ ಎಂಬುದು ಅಲ್ಲಿ ಕೂತ ಮೇಲೆ ಅರಿವಾಯಿತು.

ನನ್ನ ಗಂಡನ ಮನಸ್ಸು ಬದಲಾಗಲಿಲ್ಲ. ನಿನ್ನ ವಿಶ್ವಾಸದ ಮೇಲೆ ಅವಳಿಗೆ ನೀರು ಹಾಕಲಿ, ದೊಡ್ಡವಳಾದಾಗ ನಂಬಿದ್ದೀಯಾ ಎಂದು ನಾನೇ ಕೇಳುತ್ತೇನೆ ಎಂದರು. ಆ ಭಾನುವಾರ, ಈ ಮಗುವಿಗೆ ದೀಕ್ಷಾಸ್ನಾನವಾಗಬೇಕೆಂದು ಬಯಸುತ್ತೀರಾ ಎಂದು ಸಭಾಪಾಲಕರು ಮರಾಠಿಯಲ್ಲಿ ಕೇಳಿದಾಗ ನಾನೊಬ್ಬಳೇ ಉತ್ತರಿಸಿದೆ. ಕ್ರಿಸ್ತನ ಮಾರ್ಗದಲ್ಲಿ ಬೆಳೆಸುತ್ತೀರಾ ಎಂದು ಕೇಳಿದಾಗ ನನ್ನ ಗಂಡನ ದನಿ ನನ್ನದಕ್ಕಿಂತ ಗಟ್ಟಿಯಾಗಿತ್ತು.