ಬಿಲ್ ಇಲ್ಲದ 5,500 ರೂಪಾಯಿ

ನಾನು ಬಸ್ ಕಂಡಕ್ಟರ್. ಕಲಬುರಗಿ–ಆಳಂದ ರೂಟಿನಲ್ಲಿ ಹನ್ನೊಂದು ವರ್ಷ ಆಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಣ್ಣುಮಕ್ಕಳ ಕಡೆಯಿಂದ ರೊಕ್ಕ ಇಸಗೊಳ್ಳುವಂತಿಲ್ಲ. ಆದರೂ ಶೂನ್ಯ ಟಿಕೆಟ್ ಕೊಡಲೇಬೇಕು. ‘ರೊಕ್ಕಾನೇ ಇಲ್ಲಂದ್ರ ಚೀಟಿ ಯಾಕ್ ಬೇ?’ ಅಂತ ಮುದುಕಿಯರು ಕೇಳಿದರೆ, ‘ಆಯಿ, ಚೆಕಿಂಗ್ ಬಂದ್ರ ಇದೇ ನಿನ್ನ ಸಾಕ್ಷಿ’ ಅನ್ನುತ್ತೇನೆ. ಇಂಥ ನಾನು ಕೂದಲು ತೆಗೆಸಲು ಲೇಸರ್‌ಗೆ ಸಾವಿರಾರು ರೂಪಾಯಿ ಕೊಟ್ಟು ಮಾರಿ, ಅಂದರೆ ಮುಖ, ಸುಡಿಸಿಕೊಂಡು ಬಂದೆ. ಒಂದು ಬಿಲ್ ಕೇಳಲಿಲ್ಲ.

ಪಿಸಿಒಡಿ, ಅಂದರೆ ಹೆಣ್ಣುಮಕ್ಕಳ ಅಂಡಾಶಯದ ಹಾರ್ಮೋನ್ ತೊಂದರೆ, ಇರುವವರಿಗೆ ಇದು ಗೊತ್ತು. ಗಲ್ಲದ ಮೇಲೆ ಕೂದಲು. ದಾರ ಹಿಡಿದು ತೆಗೆಸಿದರೆ ವಾರಕ್ಕೆ ಮತ್ತೆ ಹಾಜರ್. ಒಂದು ದಿನ ಕಾಲೇಜ್ ಹುಡುಗನೊಬ್ಬ ಹಿಂದಿನ ಸೀಟಿನಿಂದ ‘ಕಂಡಕ್ಟರ್ ಅಣ್ಣಾ’ ಅಂತ ಕೂಗಿದ. ಅರ್ಧ ಬಸ್ಸು ನಕ್ಕಿತು. ಅದೇ ವಾರ ಲೇಸರ್ ಸೆಂಟರಿಗೆ ಹೋದೆ. ಬೋರ್ಡಿನ ಮೇಲೆ ಡಾಕ್ಟರ್ ಹೆಸರಿತ್ತು, ಡಾಕ್ಟರ್ ಮಾತ್ರ ಯಾವತ್ತೂ ಕಾಣಲಿಲ್ಲ. ಆರು ಸಿಟ್ಟಿಂಗಿಗೆ 18,000, ಮೂರು ಕಂತು. ಎರಡು ಕಂತು ಫೋನ್‌ಪೇ ಮಾಡಿದೆ. ಮೂರನೆಯದಕ್ಕೆ ‘ಕ್ಯಾಶ್ ಕೊಟ್ರ 500 ಕಡಿಮಿ ಅಕ್ಕಾ’ ಅಂದರು. ಕೊಟ್ಟೆ. 500 ರೂಪಾಯಿ ಆಸೆ ಎಷ್ಟು ತುಟ್ಟಿ ಬೀಳುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಮೂರನೇ ಸಿಟ್ಟಿಂಗ್, ಏಪ್ರಿಲ್. ಮಿಷನ್ ಹಿಡಿದ ಹುಡುಗಿ ಹೊಸಬಳು. ‘ಪವರ್ ಸ್ವಲ್ಪ ಏರ್ಸೀನಿ, ಲಗೂ ರಿಸಲ್ಟ್ ಬರ್ತದ’ ಅಂದಳು. ಕೂದಲು ಸುಟ್ಟ ವಾಸನೆ ಪ್ರತಿ ಸಲ ಇರುತ್ತದೆ. ಈ ಸಲ ಅದರೊಳಗೆ ಇನ್ನೊಂದು ವಾಸನೆ ಇತ್ತು. ‘ಉರಿತದ’ ಅಂದೆ. ‘ಎಲ್ಲಾರ್ಗೂ ಉರಿತದ’ ಅಂದಳು. ಮನೆಗೆ ಬಂದು ಕನ್ನಡಿ ನೋಡಿದರೆ ಗಲ್ಲದಿಂದ ದವಡೆತನಕ ಚೌಕ ಚೌಕ ಕೆಂಪು ಗುರುತು, ಅಂಚು ಕೊಯ್ದಿಟ್ಟಂತೆ ನೆಟ್ಟಗೆ. ಎಣಿಸಿದೆ, ಒಂಬತ್ತು. ರಾತ್ರಿ ಹೊತ್ತಿಗೆ ನಾಲ್ಕರ ಮೇಲೆ ಗುಳ್ಳೆ ಎದ್ದು ನೀರು ತುಂಬಿತು. ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ‘ನಾರ್ಮಲ್ ಅಕ್ಕಾ, ಐಸ್ ಹಚ್ರಿ’ ಅಂತ ಉತ್ತರ, ಜೊತೆಗೆ ಎರಡು ಕೈ ಮುಗಿಯುವ ಚಿತ್ರ.

ಮರುದಿನ ಸರ್ಕಾರಿ ದವಾಖಾನೆಯ ಚರ್ಮದ ಓಪಿಡಿಯಲ್ಲಿ ಸಾಲು ಹಚ್ಚಿದೆ. ಡಾಕ್ಟರ್ ಮೇಡಂ ಬಯ್ಯಲಿಲ್ಲ, ಕೂಡಿಸಿ ತಿಳಿಸಿ ಹೇಳಿದರು. ಲೇಸರ್ ಬೆಳಕು ಕರಿ ಬಣ್ಣ ಹುಡುಕಿಕೊಂಡು ಹೋಗುತ್ತದೆ, ಕೂದಲಿನ ಮೆಲನಿನ್ ಅನ್ನುವ ಬಣ್ಣ ಅದನ್ನು ಹೀರಿ ಬಿಸಿಯಾಗಿ ಬೇರು ಸುಡುತ್ತದೆ. ನಮ್ಮಂಥವರ ಚರ್ಮದಲ್ಲೂ ಮೆಲನಿನ್ ಜಾಸ್ತಿ, ಹಾಗಾಗಿ ಮಿಷನ್‌ಗೆ ಕೂದಲು ಯಾವುದು ಚರ್ಮ ಯಾವುದು ತಿಳಿಯುವುದಿಲ್ಲ. ಅದಕ್ಕೇ ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಹೆಚ್ಚು ಸುರಕ್ಷಿತ ಅನ್ನುತ್ತಾರೆ, ಅದು ಆಳಕ್ಕೆ ಇಳಿಯುತ್ತದೆ, ಮೇಲಿನ ಬಣ್ಣಕ್ಕೆ ಕಡಿಮೆ ಸಿಗುತ್ತದೆ. ‘ಮೊದ್ಲು ಸಣ್ಣ ಜಾಗದಾಗ ಟೆಸ್ಟ್ ಮಾಡಿ ನೋಡಿದ್ರೇನು?’ ಅಂತ ಕೇಳಿದರು. ಟೆಸ್ಟ್ ಅನ್ನುವ ಮಾತೇ ನಾನು ಕೇಳಿರಲಿಲ್ಲ. ಓಪಿಡಿ ಚೀಟಿಯಲ್ಲಿ ಲೇಸರ್‌ನಿಂದ ಆದ ಸುಟ್ಟಗಾಯ ಅಂತ ಬರೆದರು, ಕೆಳಗೆ ತಾರೀಖು. ಆ ಚೀಟಿಯನ್ನು ಸುಮ್ಮನೆ ಪರ್ಸಿಗೆ ತುರುಕಿದ್ದೆ.

ಗುಳ್ಳೆ ಒಣಗಿತು, ಕರಿ ಕಲೆ ಉಳಿಯಿತು. ಕೇಳಲು ಹೋದಾಗ ಸೆಂಟರಿನವರು ಸ್ಟಾಂಪ್ ಪೇಪರ್ ಮುಂದಿಟ್ಟರು. ಪೂರಾ ರೊಕ್ಕ ವಾಪಸ್, ಕಲೆಗೆ ಪುಕ್ಕಟೆ ಪೀಲಿಂಗ್ (ಚರ್ಮದ ಮೇಲ್ಪದರ ತೆಗೆಯುವುದು), ಇನ್ನು ಮುಂದೆ ಯಾವ ತಕರಾರೂ ಇಲ್ಲ ಅಂತ ಸಹಿ. ಸುಟ್ಟವರ ಕೈಗೇ ಮತ್ತೆ ಈ ಮಾರಿಯನ್ನು ಕೊಡಬೇಕಂತೆ! ಎದ್ದು ಬಂದೆ.

ವಕೀಲರಿಗೆ ಕೊಡಲು ರೊಕ್ಕ ಎಲ್ಲಿಂದ ತರುವುದು ಅನ್ನುವುದೇ ಚಿಂತೆಯಾಗಿತ್ತು. ಡಿಪೋದ ಗೆಳತಿಯೊಬ್ಬಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದುಕೊಂಡು ಹೋದಳು. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ನನಗೆ ಸಿಕ್ಕ ವಕೀಲರು ಮೊದಲು ಕೇಳಿದ್ದು ಬಿಲ್. ಇಲ್ಲ. ಟ್ರೀಟ್‌ಮೆಂಟ್ ರೆಕಾರ್ಡ್? ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಪರ್ಸ್ ಕೊಡವಿದಾಗ ಆ ಓಪಿಡಿ ಚೀಟಿ ಬಿತ್ತು. ಅದನ್ನು ಅವರು ಎರಡು ಸಲ ಓದಿ, ಮಡಿಕೆ ಬಿಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರು.

ದೂರು ಹೋಗಿದ್ದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ. ಘಟನೆ ಆಗಿ ಎರಡು ವರ್ಷದೊಳಗೆ ಹಾಕಬೇಕು. ರೊಕ್ಕ ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿಬಿಟ್ಟಿದೆಯಂತೆ. ಶುಲ್ಕ ಎಷ್ಟು ಅಂತ ಕೇಳಿದೆ. 2019ರ ಕಾಯ್ದೆಯಲ್ಲಿ ಶುಲ್ಕ ಲೆಕ್ಕ ಹಾಕುವುದು ನಾವು ಕೊಟ್ಟ ರೊಕ್ಕದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಐದು ಲಕ್ಷದವರೆಗೆ ಏನೂ ಇಲ್ಲ. ನನಗೂ ಶೂನ್ಯ ಟಿಕೆಟ್!

ಎಷ್ಟು ಪರಿಹಾರ ಕೇಳಬೇಕು ಅನ್ನುವುದಕ್ಕೇ ಒಂದು ಸಂಜೆ ಹೋಯಿತು. ಔಷಧಿ, ರಜೆಯ ಪಗಾರ ಇವೆಲ್ಲ ಲೆಕ್ಕಕ್ಕೆ ಸಿಗುತ್ತವೆ. ದಿನಕ್ಕೆ ನೂರು ಮಂದಿ ‘ಮಾರಿಗೆ ಏನಾಯ್ತಕ್ಕಾ, ಕುಕ್ಕರ್ ಸಿಡೀತೇನು?’ ಅಂತ ಕೇಳುತ್ತಾರಲ್ಲ, ಅದಕ್ಕೆ ಎಷ್ಟು ಹಚ್ಚುವುದು? ನಾನು ಒಂದು ಲಕ್ಷ ಅಂದೆ. ವಕೀಲರು ಮೂರು ಬರೆದರು.

ಎದುರಿನವರಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಮೇಲೆ 15. ಅವರು 44ನೇ ದಿನ ಕೊಟ್ಟರು. ಅದರಲ್ಲಿ ನನ್ನ ಸಹಿ ಇದ್ದ ಇಂಗ್ಲಿಷ್ ಒಪ್ಪಿಗೆ ಪತ್ರ ಇತ್ತು. ಎಲ್ಲಿ ಸಹಿ ಮಾಡಬೇಕು ಅಂತ ಬೆರಳಿಟ್ಟು ತೋರಿಸಿದ್ದರೇ ಹೊರತು ಏನು ಬರೆದಿದೆ ಅಂತ ಹೇಳಿರಲಿಲ್ಲ. ಅಪಾಯ ತಿಳಿಸದೆ ಪಡೆದ ಸಹಿಗೆ ಹೆಚ್ಚು ಬೆಲೆ ಇಲ್ಲ ಅಂತ ವಕೀಲರು. ಇನ್ನೊಂದು ಆರೋಪ, ಕಂಡಕ್ಟರ್ ಆದ್ದರಿಂದ ಬಿಸಿಲಿಗೆ ಹೋಗಿ ಕಲೆ ಮಾಡಿಕೊಂಡಳು ಅಂತ. ಸುಳ್ಳು ಹೇಳುವುದಿಲ್ಲ, ನಾಲ್ಕನೇ ದಿನ ಡ್ಯೂಟಿಗೆ ಹೋಗಿದ್ದೆ, ಕಲಬುರಗಿ ಏಪ್ರಿಲ್ ಬಿಸಿಲಿನಲ್ಲಿ. ಕಲೆ ಅದರಿಂದ ಸ್ವಲ್ಪ ಗಟ್ಟಿಯಾಗಿರಬಹುದು. ಆದರೆ ಗುಳ್ಳೆ ನಾನು ಬಿಸಿಲಿಗೆ ಇಳಿಯುವ ಮೊದಲೇ ಎದ್ದಿತ್ತು. ಚೀಟಿಯ ಮೇಲಿನ ತಾರೀಖೇ ಅದನ್ನು ಹೇಳುತ್ತದೆ.

ಅದೇ ಉತ್ತರದ ಏಳನೇ ಪ್ಯಾರಾ ಓದುತ್ತಾ ವಕೀಲರು ನಗತೊಡಗಿದರು. ‘ದೂರುದಾರರು ಸೇವೆಯಿಂದ ತೃಪ್ತರಾಗಿ ಒಟ್ಟು 17,500 ರೂಪಾಯಿ ಪಾವತಿಸಿರುತ್ತಾರೆ’ ಅಂತ ಬರೆದಿದ್ದರು. ಬಿಲ್ ಇಲ್ಲ ಅಂತ ನಾನು ಆಸೆ ಬಿಟ್ಟಿದ್ದ ಆ 5,500 ಕ್ಯಾಶ್ ಅದರೊಳಗೇ ಇತ್ತು. ‘ನೋಡವ್ವಾ, ಅವ್ರೇ ಟಿಕೆಟ್ ಹರಿದು ಕೊಟ್ಟಾರ’ ಅಂದರು.

ಕೇಸಿನ್ನೂ ನಡೆದಿದೆ. ಕಲೆ ಮಾಸುತ್ತಿದೆ, ಒಂಬತ್ತರಲ್ಲಿ ಆರು ಉಳಿದಿವೆ. ಮುಂದಿನ ತಾರೀಖು ಗುರುವಾರ ಬಿದ್ದಿದೆ. ಅವತ್ತಿಗೇ ವೀಕ್ಲಿ ಆಫ್ ಕೊಡಿರಿ ಅಂತ ಡಿಪೋದಲ್ಲಿ ಅರ್ಜಿ ಹಾಕಿದ್ದೇನೆ, ಸೀಲ್ ಹೊಡೆಸಿ ಒಂದು ಪ್ರತಿ ಇಸಗೊಂಡು ಬಂದಿದ್ದೇನೆ.