ಶಬ್ದ ಚೆನ್ನಾಗಿಲ್ವಾ ಮಿಸ್?

ಆರು ವರ್ಷದ ಹುಡುಗಿ. ಪಿಯಾನೋ ಕಲಿಯಲು ಬರತೊಡಗಿ ಅದು ಮೂರನೇ ವಾರ. ಅರ್ಧ ಗಂಟೆಯ ಪಾಠದಲ್ಲಿ ಕಾಲು ಗಂಟೆ ಆಗಲೇ ಕಳೆದಿತ್ತು. ನಾನು ಒಂದೇ ಸಮನೆ ಹೇಳುತ್ತಿದ್ದೆ. "ಬೆರಳು ಬಗ್ಗಿಸು ಪುಟ್ಟಿ." "ಮಣಿಕಟ್ಟು ಕೆಳಗೆ ಬಿಡಬೇಡ." "ಅದು ಮೂರನೇ ಬೆರಳಲ್ಲ, ಎರಡನೇದು." ಪಿಯಾನೋದಲ್ಲಿ ಎರಡೂ ಕೈಗೆ ಹೆಬ್ಬೆರಳು ಒಂದು, ಕಿರುಬೆರಳು ಐದು. ಅಷ್ಟನ್ನು ಅವಳು ಚೆನ್ನಾಗಿಯೇ ಕಲಿತಿದ್ದಳು. ಆದರೂ ತಪ್ಪುತ್ತಿತ್ತು. ತಪ್ಪಿದಷ್ಟೂ ಭುಜ ಮೇಲೇರುತ್ತಿತ್ತು, ಕೀ ಮೇಲೆ ಗುದ್ದು ಜಾಸ್ತಿಯಾಗುತ್ತಿತ್ತು.

ಕೊನೆಗೆ ಅವಳು ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೇಳಿದಳು. "ಶಬ್ದ ಚೆನ್ನಾಗಿಲ್ವಾ ಮಿಸ್?"

ನನಗೆ ಉತ್ತರ ಬರಲಿಲ್ಲ. ಶಬ್ದವನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಅಷ್ಟು ಹೊತ್ತೂ ಅವಳ ಬೆರಳನ್ನೇ ನೋಡುತ್ತಾ ಕೂತಿದ್ದೆ.

ಕೈ ಇಡುವ ರೀತಿ ಮುಖ್ಯವೇ. ಮೊದಲ ತಿಂಗಳಲ್ಲಿ ಕೂತ ಬಿಗಿತ ಮುಂದೆ ಬಿಡಿಸುವುದು ಕಷ್ಟ. ಅದಕ್ಕೇ ಮಕ್ಕಳ ಕಾಲಿನ ಕೆಳಗೆ ನಾನು ತಪ್ಪದೆ ಒಂದು ಪುಟ್ಟ ಸ್ಟೂಲ್ ಇಡುತ್ತೇನೆ. ಕಾಲು ಗಾಳಿಯಲ್ಲಿ ನೇತಾಡುತ್ತಿದ್ದರೆ ಬೆನ್ನಿಗೆ ಆಧಾರ ಸಿಗುವುದಿಲ್ಲ, ಆ ಬಿಗಿತವೆಲ್ಲ ಕೈಗೆ ಬರುತ್ತದೆ. ಆದರೆ ಅವಳು ಕಲಿಯಲು ಬಂದಿದ್ದು ಶಬ್ದ ಮಾಡುವುದಕ್ಕೆ, ಅಲ್ವಾ? ಅದರ ಬಗ್ಗೆ ಮೂರು ವಾರದಲ್ಲಿ ನಾನು ಒಂದು ಮಾತೂ ಆಡಿರಲಿಲ್ಲ.

ಪುಸ್ತಕ ಮುಚ್ಚಿದೆ. ಪಿಯಾನೋದ ಮೇಲಿನ ಮುಚ್ಚಳ ಎತ್ತಿ, ಮುಂದಿನ ಹಲಗೆಯನ್ನೂ ಕಳಚಿದೆ. ಒಳಗೆ ಸಾಲಾಗಿ ನಿಂತ ಸುತ್ತಿಗೆಗಳನ್ನು ನೋಡಿ ಅವಳು ಬಾಯಿ ಬಿಟ್ಟಳು. ಒಂದು ಕೀ ಒತ್ತಿದರೆ ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆ ಎದ್ದು ಹೋಗಿ ತಂತಿಗೆ ಬಡಿಯುತ್ತದೆ. ಬಡಿದ ತಕ್ಷಣ ಹಿಂದೆ ಸರಿಯುತ್ತದೆ. ಆಮೇಲೆ ಕೀಯನ್ನು ಎಷ್ಟು ಅದುಮಿ ಹಿಡಿದರೂ ಶಬ್ದ ದೊಡ್ಡದಾಗುವುದಿಲ್ಲ. ಬಾಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದರೂ ಅವಳಿಗೆ ತಲುಪುತ್ತಿರಲಿಲ್ಲ. ಈಗ ಕಣ್ಣಾರೆ ಕಂಡಳು.

"ಸುತ್ತಿಗೆ ತಂತಿಯ ಹತ್ತಿರ ಹೋಗಬೇಕು, ಆದರೆ ತಂತಿಗೆ ಗೊತ್ತೇ ಆಗಬಾರದು. ಆಗುತ್ತಾ ನೋಡು" ಎಂದೆ. ಅವಳು ಕೀಯನ್ನು ಎಷ್ಟು ನಿಧಾನ ಇಳಿಸಿದಳೆಂದರೆ ಶಬ್ದವೇ ಬರಲಿಲ್ಲ. ಕಿಸಕ್ಕನೆ ನಕ್ಕಳು. ಇನ್ನೊಂಚೂರು ಬೇಗ. ಈಗ ಒಂದು ತೆಳುವಾದ ಸ್ವರ ಬಂತು. ಇನ್ನೂ ಸ್ವಲ್ಪ ಬೇಗ. ಸುಮಾರು 50 ಗ್ರಾಂ ಭಾರ ಬಿದ್ದರೆ ಸಾಕು, ಕೀ ತಾನೇ ಇಳಿಯುತ್ತದೆ. ಅದಕ್ಕೆ ಗುದ್ದು ಬೇಕಾಗಿಲ್ಲ. ಐದು ನಿಮಿಷದಲ್ಲಿ ಅವಳ ಭುಜ ಕೆಳಗಿಳಿದಿತ್ತು, ಬೆರಳು ತಾನಾಗಿ ಬಾಗಿತ್ತು. ನಾನು ಒಂದು ಮಾತೂ ಹೇಳಿರಲಿಲ್ಲ.

ಸುಮಾರು 1700ರ ಹೊತ್ತಿಗೆ ಇಟಲಿಯ ಬಾರ್ತೊಲೊಮೆಯೊ ಕ್ರಿಸ್ಟೋಫೋರಿ ಈ ವಾದ್ಯ ಮಾಡಿದ್ದೇ ಮೆಲ್ಲಗೆ, ಜೋರಾಗಿ ಎರಡೂ ನುಡಿಸಲಿ ಅಂತ. ಇಟಲಿಯ ಭಾಷೆಯಲ್ಲಿ 'ಪಿಯಾನೋ' ಅಂದರೆ ಮೆಲ್ಲಗೆ. ಅದನ್ನು ಹೇಳಿದಾಗ ಅವಳು ಗುಟ್ಟು ಹೇಳುವ ದನಿಯಲ್ಲಿ "ಪಿಯಾನೋ, ಪಿಯಾನೋ" ಎಂದಳು.

ಆಮೇಲೆ ನಡೆದದ್ದು ನಾನು ಅಂದುಕೊಳ್ಳದೇ ಇದ್ದದ್ದು. ಅವಳು ಎಡದಿಂದ ಬಲಕ್ಕೆ ಒಂದೊಂದೇ ಕೀ ಒತ್ತಿ ಬಿಡುತ್ತಾ ಹೋದಳು. ಬಲತುದಿಗೆ ಹೋದವಳು ನಿಂತಳು. "ಮಿಸ್, ಇದು ಬಿಟ್ಟರೂ ನಿಲ್ತಾ ಇಲ್ಲ!" ನಿಜ. ಬೇರೆ ತಂತಿಗಳಿಗೆ ಶಬ್ದ ನಿಲ್ಲಿಸುವ ಮೆತ್ತೆ ಇರುತ್ತದೆ. ತೀರಾ ಮೇಲಿನ ಸ್ವರಗಳಿಗೆ ಇರುವುದಿಲ್ಲ. ಅವು ಬೇಗ ತಾವೇ ಆರಿಹೋಗುತ್ತವೆ, ಅದಕ್ಕೆ. ಇಷ್ಟು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಅದು ಕೇಳಿರಲಿಲ್ಲ. ಕೇಳುವ ಹಾಗೆ ನಾನು ಬಿಟ್ಟಿರಲೂ ಇಲ್ಲ.

ಕರೆದುಕೊಂಡು ಹೋಗಲು ಬಂದ ಅಮ್ಮ "ಇವತ್ತು ಯಾವ ಹಾಡು ಕಲಿತೆ?" ಎಂದರು. ಹಾಡೇನೂ ಇರಲಿಲ್ಲ. ಅಮ್ಮನ ಮುಖದಲ್ಲಿ ಸ್ವಲ್ಪ ಬೇಸರ ಕಂಡಿತು. ಅದೂ ಸಹಜವೇ.

ಮುಂದಿನ ವಾರ ಅವಳು ಬಂದು ಕೂತಳು. ಪುಸ್ತಕ ತೆರೆಯಲು ಬಿಡಲಿಲ್ಲ. ಎಡತುದಿಯ ಕೀ ಒತ್ತಿ ಹಿಡಿದು, ಮರಕ್ಕೆ ಕಿವಿ ಒತ್ತಿಕೊಂಡಳು. ತೋರುಬೆರಳು ತುಟಿಯ ಮೇಲಿಟ್ಟು ನನಗೆ ಸುಮ್ಮನಿರಲು ಹೇಳಿದಳು. ಆ ತಂತಿ ಆರುವುದಕ್ಕೆ ತುಂಬಾ ಹೊತ್ತು ಬೇಕು. ನಾನೂ ಪಕ್ಕದಲ್ಲಿ ಕಿವಿ ಇಟ್ಟೆ.